ಉಣ್ಣದ ಹಾವು, ಸೂರಮನಾಥನ ಮೀಸೆ

ಸೂರಮನಾಥನ ಹಾವಿನ ಕಥೆ ಹೇಳಬೇಕಾದರೆ ಮೊದಲು ಅವನ ಮೀಸೆಯ ಕಥೆ ಹೇಳಬೇಕು. ವಾಂಕಾನೇರಿನ ಸುತ್ತಮುತ್ತಲ ಸೀಮೆಯಲ್ಲಿ ಡೇರೆ ಹಾಕಿಕೊಂಡು ತಿರುಗುವ ಹಾವಾಡಿಗ ಜೋಗಿಗಳಲ್ಲಿ ಮೀಸೆಯಿಲ್ಲದ ಗಂಡಸೇ ಇಲ್ಲ, ನಿಜ. ಆದರೆ ಸೂರಮನಾಥನದು ಬರೀ ಮೀಸೆಯಲ್ಲ, ಅದೊಂದು ಸಂಸಾರ. ಬೆಳಿಗ್ಗೆ ಎದ್ದರೆ ಕತ್ತೆಗಳಿಗೆ ನೀರು ತೋರಿಸುವ ಮೊದಲು ಅದಕ್ಕೆ ಕಡಲೆಕಾಯಿ ಎಣ್ಣೆ ತಿಕ್ಕಬೇಕು. ಚಹಾ ಕುಡಿಯುವಾಗ ರಕಾಬಿ ತಟ್ಟೆಯಲ್ಲಿ ಅದ್ದಿಹೋಗದಂತೆ ಎಡಗೈಯಿಂದ ಎತ್ತಿ ಹಿಡಿಯಬೇಕು. ಪುಂಗಿ ಊದುವಾಗ ಎರಡೂ ತುದಿಗಳನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಬೇಕು.

"ಇಷ್ಟು ವರ್ಷದಲ್ಲಿ ನನ್ನ ಜಡೆ ಒಂದ್ಸಲ ಎತ್ತಿ ಹಿಡೀಲಿಲ್ಲ ಈ ಮಹಾರಾಯ" ಎಂದು ಅವನ ಹೆಂಡತಿ ಝಮಕು ಡೇರೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಸೂರಮನಾಥ ಅದನ್ನು ಹೊಗಳಿಕೆ ಎಂದುಕೊಂಡು ಮೀಸೆಯ ಮೇಲೆ ಕೈಯಾಡಿಸುತ್ತಿದ್ದ.

ಆ ಮೀಸೆಗೆ ಅಷ್ಟು ಆರೈಕೆ ಸುಮ್ಮನೆ ಅಲ್ಲ. ಜೋಗಿಯ ಮೀಸೆ ಅವನು ಹಿಡಿದ ಹಾವುಗಳಿಗೆ ಇಟ್ಟ ಒತ್ತೆ. ಹಾವು ಹಿಡಿದವನು ಹುತ್ತದ ಬಾಯಲ್ಲೇ ನಿಂತು ಅದಕ್ಕೆ ಮಾತು ಕೊಡಬೇಕು. ಇಂಥ ದಿನದವರೆಗೆ ನನ್ನ ಮನೆಯಲ್ಲಿ ಮಗನ ಹಾಗೆ ಇರು, ಆ ದಿನ ಬಂದಾಗ ಇದೇ ಜಾಗಕ್ಕೆ ತಂದು ಬಿಡುತ್ತೇನೆ, ಗೋರಖನಾಥನ ಆಣೆ ಎಂದು. ಅವಧಿ ಮೀರಿ ಇಟ್ಟುಕೊಂಡರೆ ಮಾತು ತಪ್ಪಿದಂತೆ. ಅವಧಿಗೆ ಮುಂಚೆ ಬಿಟ್ಟು ಕೈತೊಳೆದುಕೊಂಡರೂ ತಪ್ಪಿದಂತೆಯೇ. ಮಾತು ತಪ್ಪಿದವನು, ಅಥವಾ ಬುಟ್ಟಿಯಲ್ಲೇ ಹಾವನ್ನು ಸಾಯಲು ಬಿಟ್ಟವನು, ಪಂಚರ ಮುಂದೆ ಮೀಸೆ ಬೋಳಿಸಿಕೊಳ್ಳಬೇಕು. ಅದು ಮತ್ತೆ ಬೆಳೆಯುವವರೆಗೆ ಪಂಚರ ಚಾಪೆಯಲ್ಲಿ ಅವನಿಗೆ ಜಾಗವಿಲ್ಲ, ಮದುವೆಗಳಲ್ಲಿ ಪುಂಗಿ ಊದುವಂತಿಲ್ಲ, ಹುಕ್ಕಾ ಅವನನ್ನು ದಾಟಿಕೊಂಡು ಪಕ್ಕದವನ ಕೈಗೆ ಹೋಗುತ್ತದೆ. ಸೂರಮನಾಥನ ತಂದೆಗೆ ಒಮ್ಮೆ ಆ ಗತಿ ಬಂದಿತ್ತು. ಅಂದು ಡೇರೆಗೆ ಬಂದ ಬೋಳು ಮುಖದವನನ್ನು ಕಂಡು, ಯಾರೋ ಹೊರಗಿನವನೆಂದು ಹೆದರಿ, ಎಳೆಯ ಸೂರಮ ತಾಯಿಯ ಲಂಗದ ಹಿಂದೆ ಅಡಗಿ ಅತ್ತಿದ್ದ. ತಂದೆ ಹೊರಗೆ ಹೋಗಿ ಕತ್ತೆಗಳ ಹತ್ತಿರ ಕೂತುಬಿಟ್ಟಿದ್ದ. ತನ್ನ ಮಕ್ಕಳಿಗೆ ಹಾಗೆ ಕಾಣಿಸಿಕೊಳ್ಳುವ ದಿನ ಮಾತ್ರ ಬರಬಾರದು ಎಂದು ಸೂರಮನಾಥ ದೊಡ್ಡವನಾದ ಮೇಲೆ ಎಷ್ಟೋ ಸಲ ಅಂದುಕೊಂಡಿದ್ದ.

ಆದ್ದರಿಂದ ಮಾತು ಕೊಡುವಾಗ ಅವನು ಬಲು ಜಿಪುಣ. ಶರದ್ ಹುಣ್ಣಿಮೆಯವರೆಗೆ, ಹೆಚ್ಚೆಂದರೆ ಹೋಳಿಯವರೆಗೆ. ಅಷ್ಟೇ. ಆ ಮಳೆಗಾಲದಲ್ಲಿ ಮಾತ್ರ ಅವನ ನಾಲಗೆ ಜಾರಿತು.

ಜೀವರಾಜ ಪಟೇಲನ ಕಡಲೆಕಾಯಿ ಹೊಲದಲ್ಲಿ ದೊಡ್ಡ ನಾಗರಹಾವೊಂದು ಕಾಣಿಸಿಕೊಂಡು, ಕಳೆ ಕೀಳುವ ಹೆಂಗಸರು ಹೊಲಕ್ಕೆ ಇಳಿಯುವುದನ್ನೇ ಬಿಟ್ಟಿದ್ದರು. ಸೂರಮನಾಥ ಹೋದ. ಹಿಂದೆ ಇಡೀ ಡೇರೆಯೇ ಹೋಯಿತು. ಅವನ ಒಬ್ಬಳೇ ಮಗಳು ಮೋಂಘಿ ಆಗಷ್ಟೇ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಅವಳೂ ಬದುವಿನ ಮೇಲೆ ನಿಂತಿದ್ದಳು. ಉದ್ದನೆಯ, ಗೋಧಿ ಬಣ್ಣದ ಹಾವು. ಅವನ ಕೈಗೆ ಸಿಕ್ಕಾಗ ಬುಸುಗುಡದೆ, ಸಾಲ ಕೇಳಲು ಬಂದವನನ್ನು ಸಾಹುಕಾರ ನೋಡುವಂತೆ ಹೆಡೆ ಎತ್ತಿ ಒಮ್ಮೆ ನೋಡಿತು. "ಅಯ್ಯೋ, ಇದು ಶೇಠ್ ಕಣ್ರೋ!" ಎಂದು ಯಾರೋ ಕೂಗಿದರು. ಹೆಸರು ಅಲ್ಲೇ ಅಂಟಿತು. ಜನ ಚಪ್ಪಾಳೆ ತಟ್ಟಿದರು, ಪಟೇಲ ಭೇಷ್ ಎಂದ. ಸೂರಮನಾಥನ ಮೀಸೆ ತಾನಾಗಿ ಮೇಲೇರಿತು. ಆ ಉಬ್ಬಿನಲ್ಲಿ ಅವನು ಎಲ್ಲರಿಗೂ ಕೇಳುವಂತೆ ಹೇಳಿದ:

"ಶೇಠ್‌ಜೀ, ನನ್ನ ಮಗಳು ಗಂಡನ ಮನೆಗೆ ವಾಪಸು ಹೊರಡೋ ದಿನ ನಿನ್ನನ್ನೂ ನಿನ್ನ ಮನೆಗೆ ಕಳಿಸ್ತೀನಿ. ಇಬ್ಬರಿಗೂ ಒಂದೇ ದಿನ ಬೀಳ್ಕೊಡುಗೆ. ಅಲ್ಲೀವರೆಗೆ ಅವಳು ಮಗಳು, ನೀನು ಮಗ. ಗೋರಖನಾಥನ ಆಣೆ!"

ಮಗಳು ಶ್ರಾವಣಕ್ಕೆಂದು ಬಂದಿದ್ದಾಳೆ, ರಾಖಿ ಕಳೆದರೆ ಹೊರಡುತ್ತಾಳೆ ಎಂಬುದು ಅವನ ಲೆಕ್ಕ. ಯಾಕೆ ಬಂದೆ ಎಂದು ಅವಳನ್ನು ಕೇಳಿರಲಿಲ್ಲ. ಬದುವಿನ ಮೇಲೆ ನಿಂತಿದ್ದ ಮೋಂಘಿ ಆ ಮಾತು ಕೇಳಿ ಸೆರಗನ್ನು ಇನ್ನಷ್ಟು ಕೆಳಗೆಳೆದುಕೊಂಡು ಡೇರೆಯ ದಾರಿ ಹಿಡಿದಳು. ಚಪ್ಪಾಳೆಯ ಗದ್ದಲದಲ್ಲಿ ಅವನು ಅದನ್ನು ಗಮನಿಸಲಿಲ್ಲ.

ರಾಖಿ ಹುಣ್ಣಿಮೆ ಕಳೆಯಿತು. ಗೋಕುಲಾಷ್ಟಮಿಯೂ ಕಳೆಯಿತು. ಮೋಂಘಿ ಹೊರಡಲಿಲ್ಲ. ಶೇಠ್ ಉಣ್ಣಲಿಲ್ಲ.

ಹೊಸ ಹಾವು ನಾಲ್ಕು ದಿನ ಮುನಿಸಿಕೊಳ್ಳುವುದು ಎಲ್ಲರಿಗೂ ಗೊತ್ತು. ಮೊದಮೊದಲು ಸೂರಮನಾಥ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಕಣ್ಣು ನೋಡಿದ. ಪೊರೆ ಬಿಡುವ ಹೊತ್ತಿನಲ್ಲಿ ಹಾವು ಉಣ್ಣುವುದಿಲ್ಲ, ಆಗ ಅದರ ಕಣ್ಣು ಮಜ್ಜಿಗೆ ನೀರಿನಂತಾಗುತ್ತದೆ; ಇದರದು ತಿಳಿಯಾಗಿತ್ತು. ಬಿದಿರಿನ ಚಕ್ಕೆಯಿಂದ ಬಾಯಿ ಬಿಡಿಸಿ ನೋಡಿದ. ಜೋಗಿಗಳು ಹಾವಿನ ವಿಷದ ಹಲ್ಲು ಕೀಳುತ್ತಾರೆ. ಕಿತ್ತ ಕೈ ಒರಟಾದರೆ ಬಾಯಿ ಹುಣ್ಣಾಗಿ, ಹಾವು ಹಸಿದೇ ಸಾಯುತ್ತದೆ. ಎಷ್ಟೋ ಜೋಗಿಗಳ ಮೀಸೆ ಹೋದದ್ದು ಹೀಗೆಯೇ. ಸೂರಮನಾಥ ಕಿತ್ತ ಜಾಗ ಒಣಗಿತ್ತು; ಕೀವಿಲ್ಲ, ಬಾವಿಲ್ಲ.

ಆಮೇಲೆ ಉಪಚಾರ ಶುರುವಾಯಿತು. ಕಪ್ಪೆ ಬಿಟ್ಟ. ಕಪ್ಪೆ ಬುಟ್ಟಿಯ ಮೂಲೆಯಲ್ಲಿ ನಡುಗಿ ನಡುಗಿ, ಕೊನೆಗೆ ಬೇಸತ್ತು ಶೇಠ್‌ನ ಬೆನ್ನ ಮೇಲೇ ಹತ್ತಿ ಕೂತಿತು. ಇಲಿಯನ್ನು ದಾರಕ್ಕೆ ಕಟ್ಟಿ ಮೂಗಿನ ಮುಂದೆ ಕುಣಿಸಿದ. ಇಲಿಯ ಮೈಗೆ ಕಪ್ಪೆಯ ಲೋಳೆ ಸವರಿದ. ಬಿಸಿಲಲ್ಲಿ ಕಾದ ಮರಳಿನ ಮೇಲೆ ಬುಟ್ಟಿ ಇಟ್ಟು ಬೆಚ್ಚಗೆ ಮಾಡಿದ. ಜನ ಕಂಡರೆ ನಾಚಿಕೆಯೇನೋ ಎಂದು ಮಣ್ಣಿನ ಗಡಿಗೆಯೊಳಗೆ ಇಳಿಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ನಾಯಿಗಳನ್ನು ದೂರ ಓಡಿಸಿ, ಡೇರೆಯಲ್ಲಿ ಯಾರೂ ಕೆಮ್ಮಬಾರದೆಂದು ತಾಕೀತು ಮಾಡಿದ.

"ನಿನ್ನ ಮಗಳ ಬಾಣಂತನಕ್ಕೂ ಇಷ್ಟು ಮಾಡ್ತಿರಲಿಲ್ಲ ಬಿಡು" ಎಂದಳು ಝಮಕು, ಸಜ್ಜೆ ರೊಟ್ಟಿ ತಟ್ಟುತ್ತ.

"ಬಾಯ್ಮುಚ್ಚು. ಅದಕ್ಕೆ ಸದ್ದು ಆಗಲ್ಲ."

"ಹಾವಿಗೆ ಕಿವಿ ಇಲ್ಲ ಅಂತ ನೀನೇ ಹೇಳ್ತಿದ್ದೆ! ಅದಿರಲಿ, ಹಾವಿನ ಬಾಯೊಳಗೆ ನೋಡ್ತೀಯ, ಕಣ್ಣೊಳಗೆ ನೋಡ್ತೀಯ. ಮನೆಯೊಳಗೆ ಒಂದ್ಸಲ ನೋಡು ಅಂದ್ರೆ ಮಾತ್ರ ಕಣ್ಣು ಮಂಜು ನಿಂಗೆ."

"ಮನೆಯೊಳಗೆ ಏನಿದೆ ನೋಡೋಕೆ?"

ಝಮಕು ಒಲೆಯ ಮುಂದೆ ಕೂತಿದ್ದ ಮಗಳ ಕಡೆ ನೋಡಿದಳು. ಮೋಂಘಿ ಬೇಡ ಎಂಬಂತೆ ತಲೆಯಾಡಿಸಿದಳು. ಝಮಕು ಸಿಟ್ಟೆಲ್ಲ ರೊಟ್ಟಿಯ ಮೇಲೆ ತೀರಿಸಿಕೊಂಡಳು. ಆ ದಿನದ ರೊಟ್ಟಿ ಹಪ್ಪಳದಷ್ಟು ತೆಳ್ಳಗಾಗಿತ್ತು.

ಡೇರೆಯ ಜನಕ್ಕೆ ಬೇರೆ ಕೆಲಸವಿರಲಿಲ್ಲವೆಂದಲ್ಲ, ಆದರೆ ಇದರಷ್ಟು ರುಚಿಯಾದ ಕೆಲಸ ಬೇರೊಂದಿರಲಿಲ್ಲ. ಬೆಳಿಗ್ಗೆ ಒಬ್ಬ ಬಂದು "ಶೇಠ್‌ಜೀ ನಾಷ್ಟಾ ಆಯ್ತಾ?" ಎನ್ನುವನು. ಸಂಜೆ ಇನ್ನೊಬ್ಬ ಬಂದು, ಹಾವನ್ನು ಬಿಟ್ಟು ಮೀಸೆಯನ್ನೇ ದಿಟ್ಟಿಸಿ, "ಸೂರಮಾ, ಕತ್ತಿ ಸಾಣೆ ಹಿಡಿಸಿ ಇಟ್ಟಿದೀನಿ, ಬೇಕಾದ್ರೆ ಹೇಳು" ಎನ್ನುವನು. ಸೂರಮನಾಥ ನಗುತ್ತಿದ್ದ. ಆದರೆ ಶೇಠ್‌ನ ಬೆನ್ನುಮೂಳೆ ಚರ್ಮದಡಿ ಎದ್ದು ಕಾಣತೊಡಗಿತ್ತು. ಬುಟ್ಟಿಯ ಮುಚ್ಚಳ ತೆಗೆದರೂ ಹೆಡೆ ಏಳುತ್ತಿರಲಿಲ್ಲ. ಅಂಗೈ ಮೇಲೆ ಎತ್ತಿಕೊಂಡರೆ ಒದ್ದೆ ಹಗ್ಗದಂತೆ ಜೋತುಬೀಳುತ್ತಿತ್ತು. ಮೀಸೆಯ ಚಿಂತೆ ಇದ್ದೇ ಇತ್ತು, ಆದರೆ ಅದೊಂದೇ ಅಲ್ಲ. ಕೈಯಲ್ಲಿ ಹಿಡಿದ ಜೀವ ಕೈಯಲ್ಲೇ ಕರಗುವುದನ್ನು ನೋಡುವ ಸಂಕಟ ಅವನಿಗೆ ಹೊಸದು. ತಾನು ಹಿಡಿಯದೆ ಹೋಗಿದ್ದರೆ ಇದು ಪಟೇಲನ ಹೊಲದಲ್ಲಿ ಹೊಟ್ಟೆತುಂಬ ತಿಂದು ಬಿದ್ದಿರುತ್ತಿತ್ತು ಎಂಬುದು ಅವನಿಗೆ ಗೊತ್ತಿತ್ತು. ಬಿಟ್ಟುಬಿಡಲು ಮಾತು ಬಿಡುತ್ತಿರಲಿಲ್ಲ.

ಕೊನೆಗೆ ಪಂಚರ ಹಿರಿಯ ಭೀಖಾನಾಥ ಬಂದ. ಮುದುಕ ಹಾವನ್ನು ಮುಟ್ಟಿಯೂ ನೋಡಲಿಲ್ಲ.

"ಇದಕ್ಕೆ ರೋಗವಿಲ್ಲ ಸೂರಮಾ. ನೀನು ಕೊಟ್ಟ ಮಾತು ಇದರ ಗಂಟಲಲ್ಲಿ ಸಿಕ್ಕಿಕೊಂಡಿದೆ. ಮಗಳು ಹೋಗೋ ದಿನ ಬಿಡ್ತೀನಿ ಅಂದೆ. ಮಗಳು ಇಲ್ಲೇ ಕೂತಿದಾಳೆ. ಅವಳು ಹೋಗಲ್ಲ, ಇದು ಉಣ್ಣಲ್ಲ."

"ಹೋಗ್ತಾಳೆ ಕಾಕಾ. ಏನೋ ಸಣ್ಣ ಮುನಿಸು ಇರಬೇಕು."

"ಮುನಿಸಂತೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಶ್ರಾವಣ ಕಳೆದರೂ ಮುಗೀದೆ ಇರೋ ಜಗಳ ಯಾವುದಪ್ಪಾ? ನಾನು ನಿನ್ನ ಅಳಿಯ ವೀಜಾನಾಥನಿಗೆ ಹೇಳಿ ಕಳಿಸಿದೀನಿ. ನಾಳೆ ಬಂದು ಕರ್ಕೊಂಡು ಹೋಗ್ತಾನೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಏನಂತೀಯ?"

ಸೂರಮನಾಥ ಬುಟ್ಟಿಯ ಕಡೆ ನೋಡಿದ. "ಆಗಲಿ ಕಾಕಾ" ಎಂದ. ಡೇರೆಯೊಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತುಹೋಯಿತು.

ನಾಳೆಯವರೆಗೆ ಶೇಠ್ ಉಸಿರು ಹಿಡಿದಿರಬೇಕಲ್ಲ. ಆ ಮಧ್ಯಾಹ್ನ ಸೂರಮನಾಥ ಎಲ್ಲ ಜೋಗಿಗಳೂ ಕೊನೆಗೆ ಮಾಡುವ ಕೆಲಸಕ್ಕೆ ಕೈಹಾಕಿದ. ಕೋಳಿಮೊಟ್ಟೆ ಒಡೆದು ಕದಡಿ, ತೆಳ್ಳನೆಯ ಬಿದಿರು ಕೊಳವೆಯಲ್ಲಿ ತುಂಬಿ, ಹಾವಿನ ಗಂಟಲಿಗೆ ಇಳಿಸುವುದು. ಇದಕ್ಕೆ ಇಬ್ಬರು ಬೇಕು. ಝಮಕು ನೀರಿಗೆ ಹೋಗಿದ್ದಳು. ಅವನು ಮಗಳನ್ನು ಕರೆದ.

"ಬಾಲ ಹಿಡಿದುಕೋ ಮೋಂಘಿ. ಬಿಗಿಯಾಗಿ ಬೇಡ. ತೋಳಿಗೆ ಸುತ್ತಿಕೊಂಡರೆ ಸುತ್ತಿಕೊಳ್ಳಲಿ."

ಅವಳು ಜೋಗಿಯ ಮಗಳು. ತೊಟ್ಟಿಲಲ್ಲಿದ್ದಾಗಲೇ ಅವಳ ಕಾಲಿನ ಮೇಲೆ ಹಾವು ಹರಿದಿದೆ. ಹೆದರದೆ ಹಿಡಿದಳು. ಸೂರಮನಾಥ ಕೊಳವೆ ಇಳಿಸಿದ. ಇಲ್ಲಿಯವರೆಗೆ ಹಗ್ಗವಾಗಿದ್ದ ಶೇಠ್‌ಗೆ ಎಲ್ಲಿಂದ ಬಂತೋ ಕಸುವು, ಮೋಂಘಿಯ ತೋಳಿಗೆ ಬಿಗಿಯಾಗಿ ಸುತ್ತಿಕೊಂಡು ಮೇಲಕ್ಕೆ ಜಗ್ಗಿತು. ಅವರ ಹೆಂಗಸರು ಮಣಿಕಟ್ಟಿನಿಂದ ಭುಜದವರೆಗೆ ಬಿಳಿ ಬಳೆ ತೊಡುತ್ತಾರೆ. ಹಾವಿನ ಸುತ್ತು ಆ ಬಳೆಗಳನ್ನೆಲ್ಲ ಒಂದರ ಮೇಲೊಂದು ಒತ್ತಿ ಭುಜದತ್ತ ನೂಕಿತು. ಬಳೆಗಳ ಅಡಿಯ ತೋಳು ಬರಿದಾಯಿತು.

ತೋಳಿನ ತುಂಬ ಬರೆಗಳಿದ್ದವು. ಇಕ್ಕಳದ ಬರೆ. ಕೆಲವು ಹಳೆಯವು, ಕರಿಗಟ್ಟಿದ್ದವು. ಒಂದಿನ್ನೂ ಕೆಂಪಾಗಿತ್ತು.

ಕೊಳವೆಯಲ್ಲಿದ್ದ ಮೊಟ್ಟೆ ನೆಲಕ್ಕೆ ಚೆಲ್ಲಿತು. ಸೂರಮನಾಥ ಹಾವಿನ ತಲೆಯನ್ನು ಮೆಲ್ಲಗೆ ಬಿಟ್ಟ.

"ಇದೇನೇ?"

"ಒಲೆ ತಾಗಿತ್ತು ಬಾಪು."

"ಒಲೆ ಹೀಗೆ ಗೆರೆ ಎಳೆದ ಹಾಗೆ ತಾಗುತ್ತೇನೇ? ಸಾಲಾಗಿ?"

ಅವಳು ಶೇಠ್‌ನ ಸುತ್ತು ಬಿಡಿಸಿ, ಬುಟ್ಟಿಯೊಳಗೆ ಇಟ್ಟು, ಬಳೆಗಳನ್ನು ಒಂದೊಂದಾಗಿ ಕೆಳಗೆ ಎಳೆದುಕೊಳ್ಳತೊಡಗಿದಳು. ಅವನು ಅವಳ ಕೈ ಹಿಡಿದು ನಿಲ್ಲಿಸಿದ.

"ಯಾಕೆ ಹೇಳಲಿಲ್ಲ ನನಗೆ?"

"ಹೇಳಬೇಕು ಅಂತಲೇ ಬಂದಿದ್ದೆ ಬಾಪು. ನೀನು ಅಷ್ಟರಲ್ಲೇ ಹಾವಿಗೆ ಮಾತು ಕೊಟ್ಟುಬಿಟ್ಟೆ, ಸೀಮೆಗೆಲ್ಲ ಕೇಳೋ ಹಾಗೆ. ಆಮೇಲೆ ನಾನು ಏನು ಹೇಳಲಿ? ನನ್ನಿಂದ ನಿನ್ನ ಮೀಸೆ ಹೋಗಬೇಕಾ?"

ನೀರಿನ ಕೊಡ ಹೊತ್ತು ಬಂದ ಝಮಕು ಬಾಗಿಲಲ್ಲೇ ನಿಂತಳು. ಚೆಲ್ಲಿದ ಮೊಟ್ಟೆ ನೋಡಿದಳು, ಬರಿದಾದ ತೋಳು ನೋಡಿದಳು.

"ಕಂಡಿತಾ?" ಎಂದಳು. "ಇನ್ನೊಂದು ಕೈಯಲ್ಲೂ ಇವೆ. ಯಾರಿಗೂ ಹೇಳಬಾರದು ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು ನಿನ್ನ ಮಗಳು. ಆಣೆ ಹಾಕೋದರಲ್ಲಿ ನಿಮ್ಮ ವಂಶಕ್ಕೆ ವಂಶವೇ ಮುಂದು."

ಸೂರಮನಾಥ ಎದ್ದು ಹೊರಗೆ ಹೋಗಿ ಕತ್ತೆಗಳ ಹತ್ತಿರ ಕೂತ. ಅವನಿಗೆ ಅಳು ಬಂತು. ಹಾವಿನ ಬಾಯನ್ನು ಬೆಳಕಿಗೆ ಹಿಡಿದು ಹುಣ್ಣು ಹುಡುಕಿದವನು, ಎದುರಿಗೇ ರೊಟ್ಟಿ ಬಡಿಸುತ್ತಿದ್ದ ಕೈಯನ್ನು ನೋಡಿರಲಿಲ್ಲ. ಮುಖ ಒರೆಸಿಕೊಳ್ಳಲು ಹೋದರೆ ಮೀಸೆ ಒದ್ದೆಯಾಗಿತ್ತು.

ಮರುದಿನ ಬಿಸಿಲೇರುವ ಹೊತ್ತಿಗೆ ವೀಜಾನಾಥ ಬಂದ. ಜೊತೆಗೆ ಇಬ್ಬರು ನೆಂಟರು, ಕೈಯಲ್ಲಿ ಮಿಠಾಯಿಯ ಪೊಟ್ಟಣ. ಬೇವಿನ ಮರದ ಕೆಳಗೆ ಪಂಚರ ಚಾಪೆ ಹಾಸಿತ್ತು. ಅವನು ಹಿರಿಯರ ಕಾಲು ಮುಟ್ಟಿ, ಮಾವನ ಕಾಲು ಮುಟ್ಟಿ, ಜೇನಿನಂಥ ದನಿಯಲ್ಲಿ ಹೇಳಿದ:

"ಮಾವ, ನಿಮ್ಮ ಹಾವು ಹಸಿದಿದೆ ಅಂತ ಕೇಳಿ ಊಟ ಸೇರಲಿಲ್ಲ. ಓಡಿ ಬಂದೆ. ಮೋಂಘಿ ತಪ್ಪು ಮಾಡಿದ್ದರೂ ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ."

"ನೋಡಿದ್ಯಾ?" ಎಂದ ಭೀಖಾನಾಥ. "ಇಂಥ ಅಳಿಯ ಸಿಗ್ತಾನಾ? ಏಳು ಸೂರಮಾ, ಮಗಳಿಗೆ ಗಂಟು ಕಟ್ಟೋಕೆ ಹೇಳು."

ಸೂರಮನಾಥ ಏಳಲಿಲ್ಲ. "ಝಮಕು" ಎಂದು ಕೂಗಿದ. "ನನ್ನ ಕ್ಷೌರದ ಕತ್ತಿ ತಾ. ಕನ್ನಡಿ, ಒಂದು ಲೋಟ ನೀರು."

ಝಮಕು ಒಂದೂ ಪ್ರಶ್ನೆ ಕೇಳದೆ ತಂದಳು. ಅವಳು ಪ್ರಶ್ನೆ ಕೇಳದಿದ್ದದ್ದು ಆ ಸಂಸಾರದಲ್ಲಿ ಅದೇ ಮೊದಲು.

"ಏನಿದು? ಹಾವು ಸತ್ತು ಹೋಯ್ತಾ?" ಎಂದ ಭೀಖಾನಾಥ.

"ಇಲ್ಲ ಕಾಕಾ. ಬದುಕಿದೆ. ಇವತ್ತು ಬಿಟ್ಟುಬರ್ತೀನಿ. ಮಗಳನ್ನ ಕಳಿಸಲ್ಲ. ಇಬ್ಬರಿಗೂ ಒಂದೇ ದಿನ ಅಂದಿದ್ದೆ, ಆ ಮಾತು ಮುರಿದೆ. ಮುರಿದವನಿಗೆ ಏನು ದಂಡ ಅಂತ ನನಗೆ ಗೊತ್ತು."

"ತಲೆ ಕೆಟ್ಟಿದೆಯೇನೋ? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಅವಳಿಗೋಸ್ಕರ ಮೀಸೆ ತೆಗೀತೀಯ?"

ಸೂರಮನಾಥ ಆಗಲೇ ನೀರು ಹಚ್ಚಿದ್ದ. ಝಮಕು ಕನ್ನಡಿ ಹಿಡಿದಳು. ಬಲಗಡೆಯ ಮೀಸೆ ಮೊದಲು ಬಿತ್ತು. ಬೆಳಿಗ್ಗೆಯಷ್ಟೇ ಅದಕ್ಕೆ ಎಣ್ಣೆ ಹಚ್ಚಿದ್ದ, ಅಭ್ಯಾಸ ಬಲದಿಂದ. ಮಡಿಲಲ್ಲಿ ಬಿದ್ದದ್ದು ಹೊಳೆಯುತ್ತಿತ್ತು. ಭೀಖಾನಾಥ ಚಾಪೆಯಿಂದ ಎದ್ದು ಬಂದು ಅವನ ಮಣಿಕಟ್ಟು ಹಿಡಿದ.

"ಸಾಕು ನಿಲ್ಲಿಸೋ. ಇನ್ನೂ ಕೂತು ಮಾತಾಡೋಣ."

"ಅರ್ಧ ಮೀಸೆ ಇಟ್ಕೊಂಡು ಅರ್ಧ ಮಾತು ಆಡಲಾ ಕಾಕಾ? ಕೈ ಬಿಡಿ, ಕತ್ತಿ ತಾಗುತ್ತೆ." ಎಡಗಡೆಯದೂ ಬಿತ್ತು. ಅವನು ಕತ್ತಿಯನ್ನು ಒರೆಸಿ ಮಡಿಸಿದ. ಆಮೇಲೆ ಡೇರೆಯ ಕಡೆ ತಿರುಗಿ ಹೇಳಿದ: "ಮೋಂಘಿ, ಇಲ್ಲಿ ಬಾ. ಹೆದರಬೇಡ. ನಿನ್ನ ಬಳೆ ಸ್ವಲ್ಪ ಮೇಲೆ ಮಾಡು. ಇವರು ನೋಡಲಿ."

ಅವಳು ಬಂದಳು. ತಾಯಿ ಪಕ್ಕದಲ್ಲಿ ನಿಂತಳು. ಎರಡೂ ತೋಳಿನ ಬಳೆಗಳು ಮೇಲೆ ಹೋದವು. ಪಂಚರು ನೋಡಿದರು. ಚಾಪೆಯಂಚಿನಲ್ಲಿದ್ದ ಹೆಂಗಸೊಬ್ಬಳು "ಅಯ್ಯೋ, ನಿನ್ನ ಕೈ ಸೇದಿಹೋಗ" ಎಂದು ವೀಜಾನಾಥನಿಗೆ ಶಾಪ ಹಾಕಿದಳು. ಅವನು ಮಿಠಾಯಿಯ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ಒಲೆ ಹತ್ತಿರ ಇವಳಿಗೆ ಮೈಮೇಲೆ ಎಚ್ಚರ ಇರಲ್ಲ ಮಾವ..."

"ನನ್ನ ಮೀಸೆ ಮತ್ತೆ ಬೆಳೆಯುತ್ತೆ ವೀಜಾ. ಇವಳ ಚರ್ಮ ಬೆಳೆಯಲ್ಲ. ನೀನು ಹೊರಡು. ಹಾವಿನ ಹಲ್ಲು ಕೀಳೋದು ಹೇಗೆ ಅಂತ ನನಗೆ ಗೊತ್ತು, ನೆನಪಿರಲಿ."

ಭೀಖಾನಾಥ ಹೋಗಿ ಚಾಪೆಯ ಮೇಲೆ ಕೂತ. ವೀಜಾನಾಥನ ಕಡೆ ತಿರುಗದೆಯೇ, "ದಂಡ ತೆತ್ತಾಯ್ತು. ಇನ್ನು ಇಲ್ಲಿ ಮಾತಿಲ್ಲ" ಎಂದ. ವೀಜಾನಾಥ ನೆಂಟರ ಜೊತೆ ಬಂದ ದಾರಿ ಹಿಡಿದ. ಹುಕ್ಕಾ ಸುತ್ತಿ ಬಂತು. ಸೂರಮನಾಥನ ಹತ್ತಿರ ಬಂದಾಗ ಅವನನ್ನು ದಾಟಿಕೊಂಡು ಹೋಯಿತು. ಕಟ್ಟಳೆ ಕಟ್ಟಳೆಯೇ.

ಇಳಿಹೊತ್ತಿನಲ್ಲಿ ತಂದೆ ಮಗಳು ಶೇಠ್‌ನ ಬುಟ್ಟಿ ಹೊತ್ತು ಪಟೇಲನ ಹೊಲಕ್ಕೆ ಹೋದರು. ಸೂರಮನಾಥ ಹೆಗಲ ಮೇಲಿನ ಬಟ್ಟೆಯನ್ನು ಮುಖಕ್ಕೆ ಸುತ್ತಿಕೊಂಡಿದ್ದ. ದಾರಿಯುದ್ದಕ್ಕೂ ಅವನು ಮಗಳ ಹಿಂದೆಯೇ ನಡೆದ, ಪಕ್ಕಕ್ಕೆ ಬರಲಿಲ್ಲ. ಹಿಂದಿನ ರಾತ್ರಿ ಮಳೆ ಬಿದ್ದು ಕಾಲುವೆಯ ಅಂಚೆಲ್ಲ ಕಪ್ಪೆಗಳ ವಟವಟ. ಹುತ್ತದ ಹತ್ತಿರ ಬುಟ್ಟಿ ಇಳಿಸಿ ಮುಚ್ಚಳ ತೆಗೆದರು. ಶೇಠ್ ಅಲ್ಲಾಡಲಿಲ್ಲ. ಸೂರಮನಾಥ ಎರಡೂ ಕೈಯಿಂದ ಎತ್ತಿ ಒದ್ದೆ ಮಣ್ಣಿನ ಮೇಲೆ ಮಲಗಿಸಿದ. ಆಗಲೂ ಅಲ್ಲಾಡಲಿಲ್ಲ.

ಬಿಡುವಾಗ ಹೇಳುವ ಮಾತೊಂದಿದೆ: ನನ್ನ ಮಾತು ತೀರಿತು, ನಿನ್ನ ದಾರಿ ನಿನಗೆ. ಅದನ್ನು ಹೇಳುವ ಹಕ್ಕು ಅವನಿಗೆ ಇರಲಿಲ್ಲ. ಅವನು ಕುಕ್ಕರಗಾಲಲ್ಲಿ ಕೂತು, ಮುಖಕ್ಕೆ ಸುತ್ತಿದ್ದ ಬಟ್ಟೆ ತೆಗೆದು, ತುಟಿಯನ್ನು ಹಾವಿನ ಮುಂದಕ್ಕೆ ಚಾಚಿದ.

"ನೋಡಪ್ಪಾ ಶೇಠ್‌ಜೀ. ನಿನಗೆ ಕೊಟ್ಟ ಮಾತು ನಡೆಸಲಿಲ್ಲ. ದಂಡ ತೆತ್ತಿದೀನಿ. ಸರಿಯಾಗಿ ನೋಡಿಕೋ, ಆಮೇಲೆ ಮೋಸ ಮಾಡಿದ ಅನ್ನಬೇಡ."

ಶೇಠ್ ಮೆಲ್ಲಗೆ ತಲೆ ಎತ್ತಿತು. ಎಷ್ಟೋ ದಿನಗಳ ಮೇಲೆ ಹೆಡೆ ಬಿಚ್ಚಿತು. ಆ ಬೋಳು ಮುಖವನ್ನು ಕಂಡು, ಇವನು ಯಾವನಪ್ಪಾ ಹೊಸಬ ಎಂಬಂತೆ ಒಂದಿಷ್ಟು ಹಿಂದಕ್ಕೆ ಸರಿಯಿತು.

ಹಿಂದಿನಿಂದ ಏನೋ ಸದ್ದು ಬಂತು. ಮಗಳು ಅಳುತ್ತಿದ್ದಾಳೆ ಎಂದುಕೊಂಡ. ತನ್ನ ಮುಖ ಕಂಡು ಹೆದರಿರಬೇಕು, ತಾನು ತನ್ನ ಅಪ್ಪನನ್ನು ಕಂಡು ಹೆದರಿದ ಹಾಗೆ. ಅವನಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಆದರೂ ತಿರುಗಿದ. ಮೋಂಘಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಬಾಪು, ಅದಕ್ಕೂ ನಿನ್ನ ಗುರುತು ಸಿಗಲಿಲ್ಲ! ನಿನ್ನ ಮೂಗು ಇಷ್ಟುದ್ದ ಇತ್ತಾ? ದೇವರೇ, ಅಮ್ಮ ಮದುವೆಗೆ ಹೇಗೆ ಒಪ್ಪಿದಳು?"

"ಆಗಲೂ ಮೀಸೆ ಇತ್ತು ಕಣೇ. ಮೂಗು ಕಾಣ್ತಿರಲಿಲ್ಲ."

ಅವಳು ಬದುವಿನ ಮೇಲೆ ಕೂತುಬಿಟ್ಟಳು, ನಗು ತಡೆಯಲಾರದೆ. ಅವಳು ಬಂದಾಗಿನಿಂದ ಅವನು ಆ ನಗುವನ್ನು ಕೇಳಿರಲಿಲ್ಲ. ಕೇಳಿಲ್ಲವೆಂದು ಅವನಿಗೆ ಗೊತ್ತಾದದ್ದೂ ಈಗಲೇ. ಅವನು ಅವಳ ಪಕ್ಕದಲ್ಲಿ ಬಂದು ಕೂತ. ತಿರುಗಿ ನೋಡುವಷ್ಟರಲ್ಲಿ ಶೇಠ್ ಇರಲಿಲ್ಲ. ಕಾಲುವೆಯ ಕಡೆ ಹುಲ್ಲು ಒಂದು ಗೆರೆಯಷ್ಟು ಅಲುಗಾಡಿ ಸುಮ್ಮನಾಗಿತ್ತು.

ಇಬ್ಬರೂ ಕಾದರು. ಸ್ವಲ್ಪ ಹೊತ್ತಿಗೆ ಕಪ್ಪೆಗಳ ವಟವಟದ ನಡುವೆ ಒಂದೇ ಒಂದು ಕಪ್ಪೆ ಬೇರೆ ಥರ ಕೂಗಿತು. ಹಾವಿನ ಬಾಯಿಗೆ ಸಿಕ್ಕ ಕಪ್ಪೆಯ ಕೂಗು ಜೋಗಿಗಳ ಮಕ್ಕಳಿಗೆ ಹೇಳಿಕೊಡಬೇಕಿಲ್ಲ.

"ಶೇಠ್ ಉಂಡ!" ಎಂದಳು ಮೋಂಘಿ.

"ಬೇರೆ ಹಾವೂ ಇರಬಹುದು" ಎಂದ ಸೂರಮನಾಥ. ಮಾತು ಕೊಡುವುದರಲ್ಲಿ ಅವನು ಮತ್ತೆ ಜಿಪುಣನಾಗಿದ್ದ. ಆದರೂ ಅಭ್ಯಾಸದಂತೆ ಅವನ ಕೈ ತುಟಿಯ ಮೇಲಕ್ಕೆ ಹೋಯಿತು, ಅಲ್ಲಿ ಏನೂ ಸಿಗದೆ ಮಗಳ ತಲೆಯ ಮೇಲೆ ಬಂದು ಕೂತಿತು.

"ಏಳು, ಹೋಗೋಣ. ನಿಮ್ಮಮ್ಮ ರೊಟ್ಟಿ ತಟ್ಟಿ ಕಾಯ್ತಿರ್ತಾಳೆ" ಎಂದ. ಮೋಂಘಿ ಖಾಲಿ ಬುಟ್ಟಿಯನ್ನು ಸೊಂಟದ ಮೇಲೆ ಇಟ್ಟುಕೊಂಡಳು. ಮುಖಕ್ಕೆ ಸುತ್ತಿಕೊಳ್ಳಲು ಅವನು ಬಟ್ಟೆ ಎತ್ತಿದಾಗ ಅವಳು ಅದನ್ನು ಕಿತ್ತುಕೊಂಡು ಬುಟ್ಟಿಯೊಳಗೆ ಹಾಕಿದಳು. ಇಬ್ಬರೂ ಅಕ್ಕಪಕ್ಕ ನಡೆದು ಡೇರೆಗೆ ಬಂದರು.